ಗ್ರೂಪಿಗೆ ಹಾಕಿದ ಪ್ರಾರ್ಥನೆ

ನಮ್ಮ ಸಭೆಯ ಸುಮಿತ್ರಾಳ ಫೋನು ಬಂದಾಗ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಕಳೆದ ವರ್ಷದ ಮಾತು. ಪುಣೆಯ ಹಡಪಸರದಲ್ಲಿರುವ ನಮ್ಮ ಕನ್ನಡ ಕ್ರೈಸ್ತ ಸಭೆಯ ಸ್ತ್ರೀ ಕೂಟಕ್ಕೆ ಆಗ ಆರು ವರ್ಷದಿಂದ ನಾನೇ ಮುಖ್ಯಸ್ಥೆ. ಸಂಬಳವಿಲ್ಲದ ಹುದ್ದೆ, ಮನೆಮನೆಗೆ ಹೋಗುವುದು, ಕಷ್ಟ ಕೇಳುವುದು, ಪ್ರಾರ್ಥಿಸುವುದು.

“ಅಕ್ಕಾ, ಇವರು ನನ್ನ ಫೋನಿನ್ಯಾಗ ಗ್ರೂಪ್ ನೋಡಿದ್ರು. ಎದ್ದು ಹೋದ್ರು. ಕೆಲಸಕ್ಕೂ ಹೋಗಿಲ್ಲಂತ. ನಾ ನಿಮಗೊಬ್ಬರಿಗೇ ಹೇಳಿದ್ದೆನಲ್ರೀ!”

ಕೈ ಹಿಟ್ಟಿನಲ್ಲೇ ನಿಂತಿತು. ಅವಳ ಗಂಡ ದಾನಿಯೇಲ ವರ್ಕ್‌ಶಾಪಿನಲ್ಲಿ ಫಿಟರ್. ಕುಡಿತ ಬಿಟ್ಟು ಏಳು ತಿಂಗಳಾಗಿತ್ತು. ಹಿಂದಿನ ವಾರ ಒಂದು ದಿನ ಜಾರಿದ್ದ. ಸುಮಿತ್ರಾ ಅಳುತ್ತ ಹೇಳಿಕೊಂಡಿದ್ದಳು. ನಾನು ನಮ್ಮ ರೂಢಿಯಂತೆ ಅದನ್ನು ‘ಪ್ರಾರ್ಥನಾ ವಿನಂತಿ’ ಎಂದು, ಹೆಸರು ಸಮೇತ, ಕೂಟದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿಬಿಟ್ಟಿದ್ದೆ. ನಲವತ್ತು ಹೆಂಗಸರು.

ಆಟೊ ತಕ್ಷಣ ಸಿಕ್ಕಿತು, ಅದೊಂದು ಕೃಪೆ. ದಾನಿಯೇಲ ಮೊದಲೆಲ್ಲ ಕೂರುತ್ತಿದ್ದ ಬಾರ್ ಯಾವುದೆಂದು ಸುಮಿತ್ರಾ ಹೇಳಿದ್ದಳು. ಐವತ್ತೆಂಟು ವರ್ಷದಲ್ಲಿ ಅಂಥ ಹೊಸ್ತಿಲು ದಾಟಿದವಳಲ್ಲ. ಎದುರಿಗೇ ನಮ್ಮ ಸಭೆಯವರೊಬ್ಬರ ಅಂಗಡಿ. ಸೆರಗನ್ನು ಮುಖಕ್ಕೆ ಎಳೆಯಲು ಹೋದ ಕೈಯನ್ನು ತಡೆದುಕೊಂಡು ಒಳಗೆ ನಡೆದೆ.

ಮೂಲೆಯ ಮೇಜಿನಲ್ಲಿ ದಾನಿಯೇಲ. ಮುಂದೆ ಎರಡು ಗ್ಲಾಸು. ಒಂದು ಖಾಲಿ, ಒಂದು ತುಂಬಿದ್ದು.

“ಬರ್ರಿ ಅಕ್ಕಾ. ಒಂದು ಫೋಟೋ ತಕ್ಕೊಳ್ರಿ, ಗ್ರೂಪಿಗೆ ಹಾಕಾಕ ಬೇಕಾಗ್ತದ.”

ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಎದುರಿಗೆ ಕುಳಿತೆ.

“ತಪ್ಪು ನಂದಪಾ. ಪ್ರಾರ್ಥನಾ ಅಂತ ಹೇಳಿ ನಿನ್ನ ಮರ್ಯಾದಿ ಹಂಚಿದೆ.”

“ನಾ ಬಿದ್ದದ್ದು ಒಂದ ದಿನ ರೀ. ಇನ್ನ ಆ ನಲವತ್ತು ಮಂದಿ ಮುಂದ ಹೆಂಗ ಬರ್ಲಿ?”

“ರವಿವಾರ ಸಭೆ ಮುಂದ ಮೊದಲ ನಾ ನಿಂದರ್ತೀನಿ. ನನ್ನ ತಪ್ಪು ನಾನ ಹೇಳ್ತೀನಿ. ನಿನ್ನ ಹೆಸರು ತಗಿಯೂದಿಲ್ಲ.”

ಅವನು ತುಂಬಿದ ಗ್ಲಾಸನ್ನೇ ನೋಡುತ್ತಿದ್ದ. ಬೆರಳು ಒಮ್ಮೆ ಅದರ ಹತ್ತಿರ ಹೋಯಿತು. ನಾನು ಎದುರಿನ ಕುರ್ಚಿ ಬಿಟ್ಟು ಕದಲಲಿಲ್ಲ. ಕೊನೆಗೆ ಅವನು ಕುರ್ಚಿ ಹಿಂದೆ ಸರಿಸಿದ.

“ಏಳ್ರಿ ಅಕ್ಕಾ. ಇದು ನೀವು ಕೂಡೋ ಜಾಗ ಅಲ್ಲ.”

ತುಂಬಿದ ಗ್ಲಾಸು ಅಲ್ಲೇ ಉಳಿಯಿತು. ಅದನ್ನು ಕೃಪೆಗಳಲ್ಲಿ ಎಣಿಸಿಕೊಂಡಿದ್ದೇನೆ. ಖಾಲಿಯಾದ ಗ್ಲಾಸಿನ ತಪ್ಪು ನನ್ನ ಪಾಲಿನದು.

ರವಿವಾರ ಸಭೆಯ ಮುಂದೆ ನಿಂತು ಒಪ್ಪಿಕೊಂಡೆ. ದಾನಿಯೇಲ ಕೊನೆಯ ಬೆಂಚಿನಲ್ಲಿದ್ದ. ಅಂದಿನಿಂದ ಯಾರ ಸಂಕಟ ಕೇಳಿದರೂ ಮೊದಲು, “ಇದು ನನ್ನ ಹತ್ರನ ಇರ್ಲೇನು?” ಎಂದು ಕೇಳುತ್ತೇನೆ. ಹೆಚ್ಚಿನವರು ಹೌದೆನ್ನುತ್ತಾರೆ. ದೇವರಿಗೆ ಒಬ್ಬಳು ಹೇಳಿದರೂ ಕೇಳಿಸುತ್ತದೆ ಎಂಬುದನ್ನು ಆರು ವರ್ಷದ ಮೇಲೆ ಕಲಿತೆ.

ಆ ದಿನ ಮನೆಗೆ ಬಂದಾಗ ಹಿಟ್ಟು ಒಣಗಿ ಬಿರಿದಿತ್ತು. ಬಿಸಿನೀರು ಚಿಮುಕಿಸಿ ಮತ್ತೆ ನಾದಲು ಕುಳಿತೆ.