ಹೋರಿಯ ಹೆಣ್ಣುಮಕ್ಕಳು

ಓಂಬೀರ್ ತನ್ನ ಹೋರಿಯ ವಿಷಯದಲ್ಲಿ ಸುಳ್ಳು ಹೇಳಿದ ಎಂಬ ಸಿಟ್ಟು ಅಯ್ಯಣ್ಣನಿಗೆ ಇವತ್ತಿಗೂ ಇಳಿದಿಲ್ಲ. ಫರೀದಾಬಾದಿನ ಅಂಚಿನ ಆ ಹಳ್ಳಿಯಲ್ಲಿ ಇಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಎದುರು ಸಿಕ್ಕರೆ ರಾಮ್ ರಾಮ್ ಅನ್ನುತ್ತಾನೆ, ಅಷ್ಟೇ. ಓಂಬೀರನ ಜಗಲಿಯ ಮೇಲೆ ಕೂತು ಚಹಾ ಕುಡಿದು ವರ್ಷಗಳಾದವು.

"ಹಸುವಿಗಿಂತ ಸಾಧು ಇದು, ಫೌಜಿ. ಮಗು ಬಾಲ ಎಳೆದರೂ ತಿರುಗಿ ನೋಡಲ್ಲ" ಎಂದಿದ್ದ ಓಂಬೀರ್. ಹೋರಿ ನೋಡಲು ದೇವರ ಹಾಗಿತ್ತು. ಬೆಳ್ಳಗಿನ ಮೈ, ಎದ್ದು ನಿಂತ ಡುಬ್ಬ, ಅಗಲವಾದ ಎದೆ. ಅಯ್ಯಣ್ಣ ಅದನ್ನು ಕಂಡ ಕೂಡಲೇ ಮನಸೋತು ತನ್ನ ಹಸುಗಳಿಗೆ ಅದನ್ನೇ ಕೂಡಿಸಿದ. ಅದಕ್ಕೆ ಹುಟ್ಟಿದ ಮೂರು ಹೆಣ್ಣುಕರುಗಳೂ ಹಾಲಿಗೆ ಬಂದಾಗ ಗೊತ್ತಾಯಿತು, ಮೂರೂ ಒದೆಯುವ ಜಾತಿ. ಬಕೆಟ್ ಒದ್ದವು, ಗೋಡೆ ಒದ್ದವು. ಕೊನೆಯದು ಒಂದು ಬೆಳಿಗ್ಗೆ ಹೆಂಡತಿ ಬೋಜಮ್ಮನ ಬಲಗೈ ಮಣಿಕಟ್ಟನ್ನೇ ಮುರಿಯಿತು.

ಅಯ್ಯಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಕೊಡಗಿನಿಂದ ಸೈನ್ಯ ಸೇರಿ, ಗುಡ್ಡದ ಪೋಸ್ಟುಗಳಿಗೆ ಹೇಸರಗತ್ತೆಗಳ ಮೇಲೆ ಸಾಮಾನು ಹೊರಿಸಿ ಬದುಕು ಸವೆಸಿದವನು. ಪೆನ್ಷನ್ ಆದ ಮೇಲೆ, ಜೊತೆಗೆ ದುಡಿದ ಗೆಳೆಯನ ಮಾತು ಕೇಳಿ ಅವನ ಊರಲ್ಲೇ ಮನೆ ಕಟ್ಟಿ, ಹಸು ಕಟ್ಟಿದ. ಹೇಸರಗತ್ತೆಗೆ ಕಿರುಚಿದರೆ ನಡೆಯುತ್ತದೆ. ಹಸುವಿಗೆ ಕಿರುಚಿದರೆ ಹಾಲು ಮೇಲಕ್ಕೆ ಏರಿಸಿಕೊಳ್ಳುತ್ತದೆ. ಅವನು ಕೂತರೆ ಯಾವ ಹಸುವೂ ಸೊರ ಬಿಟ್ಟು ಹಾಲು ಇಳಿಸಿದ್ದಿಲ್ಲ. ಮೇವು, ಸಗಣಿ, ಸೆಕ್ಟರಿನ ಮನೆಗಳಿಗೆ ಹಾಲು ಮುಟ್ಟಿಸುವುದು ಅವನದು. ಕರೆಯುವ ಕೈ ಮಾತ್ರ ಬೋಜಮ್ಮನದು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಹೆಬ್ಬೆರಳು ಪೂರ್ತಿ ಮಡಚಲಿಲ್ಲ. ಒದೆಯುವ ಮೂರನ್ನೂ ಮಾರಿದ್ದಾಯಿತು. ಉಳಿದದ್ದು ಅವುಗಳ ತಾಯಂದಿರು, ಕಾವೇರಿ ಮತ್ತು ಚಂಪಾ, ಎರಡಕ್ಕೂ ವಯಸ್ಸಾಗುತ್ತಿತ್ತು.

"ಇನ್ನೊಂದು ಸಲ ನೋಡ್ತೇನೆ" ಅಂದಳು ಬೋಜಮ್ಮ. "ಮತ್ತೆ ಒದೆಯೋದೇ ಹುಟ್ಟಿದ್ರೆ ಕೊಟ್ಟಿಗೆ ಖಾಲಿ ಮಾಡಿ. ನನಗಿರೋದು ಒಂದೇ ಕೈ."

"ಓಂಬೀರ್ ಮೋಸ ಮಾಡಿದ್ದಕ್ಕೆ ನಾನೇನು ಮಾಡ್ಲಿ?"

"ಅಪ್ಪ ಓಂಬೀರನ ಹೋರಿ, ಸರಿ. ಗುಣ ಮಾತ್ರ ನಿಮ್ಮನ್ನೇ ಹೋಲ್ತಿತ್ತು."

ಗ್ರೇಟರ್ ನೋಯ್ಡಾದ ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ನಿಶಿತಾ ನಕ್ಕಳು. "ಪಪ್ಪಾ, ಗಬ್ಬ ಕಟ್ಟಿಸೋ ಇಂಜೆಕ್ಷನ್ ಕೊಡಿಸಿ ನಾ. ಸಾರಾ ಝಂಝಟ್ ಖತಮ್."

"ಇಂಜೆಕ್ಷನ್ ಹೋರಿಯ ಮನೆ ಎಲ್ಲಿ ಅಂತ ಹುಡುಕ್ಲಿ?" ಅಂದಳು ಬೋಜಮ್ಮ. "ನನಗೆ ಹೋರಿ ಬೇಡ. ಹೋರಿಯ ಹೆಣ್ಣುಮಕ್ಕಳು ಬೇಕು. ಅವುಗಳ ಕೆಳಗೆ ಕೂತು ಕರೆದು ನೋಡಬೇಕು."

ಅಯ್ಯಣ್ಣನಿಗೆ ಸಿಟ್ಟು ನೆತ್ತಿಗೇರಿತು. ಊರೂರು ಸುತ್ತಿ ಕಂಡವರ ಕೊಟ್ಟಿಗೆಯಲ್ಲಿ ಹಾಲು ಕರೆಯುವುದಾ? ಫೌಜಿಯ ಹೆಂಡತಿಗೆ ತಲೆ ಕೆಟ್ಟಿದೆ ಅನ್ನುವುದಿಲ್ಲವೇ ಜನ?

"ನಿಶಿತಾಗೆ ಗಂಡು ನೋಡುವಾಗ ಅವನ ಅಕ್ಕತಂಗಿಯರನ್ನ ವಿಚಾರಿಸಲ್ವಾ? ಇದೂ ಹಾಗೇ."

"ಮಮ್ಮೀ!" ಅಂದಳು ನಿಶಿತಾ.

ಆ ಚಳಿಗಾಲ ಬೆಳಿಗ್ಗೆ ಬೆಳಿಗ್ಗೆ ಸ್ಕೂಟರ್ ಹೊರಟಿತು. ಮಂಜಿನಲ್ಲಿ ಅಯ್ಯಣ್ಣನ ಹಿಂದೆ ಶಾಲು ಹೊದ್ದು ಬೋಜಮ್ಮ. ಮೊದಲು ಹೋದದ್ದು ಅಯ್ಯಣ್ಣ ಮೆಚ್ಚಿಟ್ಟುಕೊಂಡಿದ್ದ ಹೋರಿಯ ಊರಿಗೆ. ಅದರ ಫೋಟೋವನ್ನು ಅವನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ತೋರಿಸಿದ್ದ, ಬೋಜಮ್ಮ ನೋಡಿರಲಿಲ್ಲ. ಆ ಊರಿನ ಒಬ್ಬ ಯಜಮಾನ ಆ ಹೋರಿಗೆ ಹುಟ್ಟಿದ ತನ್ನ ಹಸುವನ್ನು ಕರೆಯಲು ಧಾರಾಳವಾಗಿ ಬಿಟ್ಟುಕೊಟ್ಟ. ಆದರೆ ಬೋಜಮ್ಮ ಕೂರುವ ಮೊದಲೇ ಅವನ ಕೈ ತಾನಾಗಿ ಗೂಟದಿಂದ ಹಗ್ಗ ತೆಗೆದು ಹಿಂಗಾಲುಗಳನ್ನು ಬಿಗಿಯಿತು. ಅವಳು ಕೂರಲೇ ಇಲ್ಲ.

"ಒಂದು ಹನಿಯನ್ನೂ ಕರೀದೆ ಬೇಡ ಅಂದ್ರೆ?" ದಾರಿಯಲ್ಲಿ ಅಯ್ಯಣ್ಣ ರೇಗಿದ.

"ಹಗ್ಗ ನೋಡಿದ್ರಲ್ಲ."

"ಅಭ್ಯಾಸ ಇರಬಹುದು ಆ ಮನುಷ್ಯನಿಗೆ."

"ಅಭ್ಯಾಸ ಯಾಕೆ ಆಯ್ತು?"

ಅಯ್ಯಣ್ಣ ಸ್ಕೂಟರಿನ ಹಾರ್ನ್ ಬಾರಿಸಿದ, ಮುಂದೆ ಯಾರೂ ಇಲ್ಲದಿದ್ದರೂ.

ಹೀಗೆ ಸುತ್ತಿ ಸುತ್ತಿ ಯಮುನೆಯ ಕಡೆಯ ಒಂದು ಹಳ್ಳಿಗೆ ಬಂದರು. ಅಲ್ಲಿ ಹೋರಿ ಇಟ್ಟಿದ್ದವಳು ಫೂಲವತಿ ಎಂಬ ಮುದುಕಿ. ದೊಡ್ಡಮ್ಮ ಅನ್ನುವ ಹಾಗೆ ಊರೆಲ್ಲ ಅವಳನ್ನು ತಾಈ ಅನ್ನುತ್ತಿತ್ತು. ಹೋರಿ ಬೂದಿ ಬಣ್ಣದ್ದು. ಒಂದು ಕೊಂಬು ಕೆಳಕ್ಕೆ ಬಾಗಿತ್ತು, ಡುಬ್ಬ ಒಂದು ಕಡೆಗೆ ಒರಗಿತ್ತು.

"ಈ ಮುಸುಡಿ ನೋಡೋಕೆ ಪೆಟ್ರೋಲ್ ಸುಟ್ಟು ಬಂದ್ವಾ?" ಅಂದ ಅಯ್ಯಣ್ಣ, ಕನ್ನಡದಲ್ಲಿ.

"ಏನಂತಾನೆ ನಿನ್ನ ಫೌಜಿ?" ತಾಈ ಹಿಂದಿಯಲ್ಲಿ ಕೇಳಿದಳು.

"ಹೋರಿ ಚೆನ್ನಾಗಿದೆ ಅಂತಾರೆ" ಎಂದಳು ಬೋಜಮ್ಮ.

"ಅಚ್ಛಾ. ಚೆನ್ನಾಗಿದೆ ಅನ್ನೋವಾಗ ಮುಖ ಹೀಗೆ ಮಾಡ್ತಾರಾ ನಿಮ್ಮ ಕಡೆ?"

ತಾಈಯ ಕೊಟ್ಟಿಗೆಯಲ್ಲೇ ಆ ಹೋರಿಯ ಮಗಳೊಂದು ಇತ್ತು, ಚೊಚ್ಚಲು ಕರು ಹಾಕಿದ್ದು. ಬೋಜಮ್ಮ ಕೂತಳು. ಹಸು ತಿರುಗಿ ಅವಳ ಶಾಲು ಮೂಸಿತು, ಮತ್ತೆ ಮೇವಿಗೆ ಬಾಯಿ ಹಾಕಿತು. ನೆಟ್ಟಗೆ ಮಡಚದ ಹೆಬ್ಬೆರಳಿನಿಂದ ಧಾರೆ ತಡೆದು ತಡೆದು ಬರುತ್ತಿತ್ತು, ಹಸು ಕಾಯಿತು. ಬಾಗಿಲಲ್ಲಿ ಎರಡು ನಾಯಿಗಳು ಕಚ್ಚಾಡಿದವು. ಯಾರೋ ಬುಲೆಟ್ ಸ್ಟಾರ್ಟ್ ಮಾಡಿದ. ಅದು ಕಿವಿ ಆಡಿಸಿತು, ಕಾಲು ಎತ್ತಲಿಲ್ಲ. ಪಕ್ಕದ ಮನೆಯಲ್ಲಿದ್ದ ಇನ್ನೊಂದು ಮಗಳದೂ ಅದೇ ಗುಣ.

ಬೋಜಮ್ಮ ಅರ್ಧಕ್ಕೇ ಎದ್ದು ನಿಂತಳು. "ಈಗ ನೀವು ಕೂತ್ಕೊಳ್ಳಿ."

"ನಾನಾ? ನನಗೆ ಯಾವತ್ತು ಕೊಟ್ಟಿದೆ?"

"ಕೂತ್ಕೊಳ್ಳಿ ಅಂದೆ."

ತಾಈ ನೋಡುತ್ತಿದ್ದಳು, ಹಿಂದೆ ಸರಿಯುವಂತಿರಲಿಲ್ಲ. ಅವನು ಮಂಡಿಯೂರಿ ಕೂತ. ಕೈ ಒರಟು, ಹಿಡಿತ ಬಿಗಿ, ಉಸಿರು ಜೋರು. ಕೆಚ್ಚಲು ಒಂದು ಕ್ಷಣ ಗಟ್ಟಿಯಾಯಿತು. ಇನ್ನೇನು ಬೈಯಬೇಕು, ಅಷ್ಟರಲ್ಲಿ ಬೆರಳ ಸಂದಿಯಿಂದ ಬಿಸಿ ಹಾಲು ಇಳಿಯಿತು. ಬಕೆಟ್ಟಿನ ತಳಕ್ಕೆ ಚುರ್ ಎಂದು ಬಿತ್ತು, ಮತ್ತೆ ಬಿತ್ತು. ಅಯ್ಯಣ್ಣ ಹಣೆಯನ್ನು ಹಸುವಿನ ಹೊಟ್ಟೆಗೆ ಆನಿಸಿ, ಕೆಚ್ಚಲು ಬರಿದಾಗುವ ತನಕ ಕರೆಯುತ್ತಲೇ ಇದ್ದ.

ಹೊರಗೆ ಬಂದು ಹೋರಿಯನ್ನು ಇನ್ನೊಮ್ಮೆ ನೋಡಿದ. ಕೊಂಬು ಹಾಗೇ ಬಾಗಿತ್ತು. "ಇದೇ ಇರಲಿ" ಅಂದ.

ಹೋಳಿ ಹಬ್ಬಕ್ಕೆ ಮುಂಚೆ ಕಾವೇರಿ ಬೆದೆಗೆ ಬಂತು. ಟೆಂಪೋದಲ್ಲಿ ಹತ್ತಿಸಿಕೊಂಡು ಹೋದರು. ಹೋರಿ ಅವಸರ ಮಾಡಲಿಲ್ಲ, ಕೆಲಸ ಮುಗಿಸಿ ತನ್ನ ಬೇವಿನ ನೆರಳಿಗೆ ಹೋಯಿತು. ಅಯ್ಯಣ್ಣ ಜೇಬಿಗೆ ಕೈ ಹಾಕಿದ. ತಾಈ ಅವನ ಮೊಣಕೈ ಹಿಡಿದಳು.

"ಹೋರಿಯ ದುಡಿಮೆ ಈ ಮನೆ ತಿಂದಿಲ್ಲ, ಫೌಜಿ."

"ಹಾಗಂತ ಬಿಟ್ಟಿ ಮಾಡಿಸ್ಕೊಂಡು ಹೋಗೋನಲ್ಲ ನಾನು."

"ಹಾಗಾದ್ರೆ ಕೇಳು. ಹೆಣ್ಣು ಹುಟ್ಟಿ ಅದು ಹಾಲಿಗೆ ಬಂದ ದಿನ ನನ್ನನ್ನ ಕರ್ಕೊಂಡು ಹೋಗು. ಅದರ ಮೊದಲ ಹಾಲು ನನ್ನ ಕೈಯಲ್ಲಿ. ಇವನ ಹೆಣ್ಣುಮಕ್ಕಳಿಗೆಲ್ಲ ನಾನೇ ಮೊದಲು ಕೂತಿದ್ದೇನೆ."

"ಸ್ಕೂಟರ್ ಮೇಲೆ ಕೂರ್ತೀಯಾ?"

"ನಿನ್ನ ಬಾಯಿ ಮುಚ್ಚಿದ್ರೆ ಕೂರ್ತೀನಿ."

ಆಯಿತು ಅಂದ. ಕಾವೇರಿ ಗಬ್ಬ ನಿಂತಳು, ಬೂದಿ ಬಣ್ಣದ ಹೆಣ್ಣುಕರು ಹಾಕಿದಳು. ಕರು ಬೆಳೆದು, ಬೆದೆಗೆ ಬಂದು, ಕಳೆದ ಕಾರ್ತಿಕದ ಒಂದು ಬೆಳಿಗ್ಗೆ ಅದೂ ಕರು ಹಾಕಿತು. ಅಯ್ಯಣ್ಣ ಮುಖ ತೊಳೆದು ಸ್ಕೂಟರ್ ಹತ್ತಿದ.

ಯಮುನೆಯ ಕಡೆಯ ಆ ಹಳ್ಳಿಯನ್ನು ಹೊಸ ರಸ್ತೆ ಕುಯ್ದುಹಾಕಿತ್ತು. ತಾಈಯ ಮನೆ ಇದ್ದಲ್ಲಿ ಕಾಂಕ್ರೀಟಿನ ಕಂಬ. ಮಗ ಗ್ರೇಟರ್ ನೋಯ್ಡಾದಲ್ಲಿ ಫ್ಲ್ಯಾಟ್ ತೆಗೆದುಕೊಂಡು ತಾಯಿಯನ್ನು ಕರೆದೊಯ್ದ ಎಂದ ಒಬ್ಬ. ಹೋರಿ ಎಲ್ಲಿ ಹೋಯಿತೆಂದು ಯಾರಿಗೂ ತಿಳಿದಿರಲಿಲ್ಲ. ಅಯ್ಯಣ್ಣ ನದಿ ದಾಟಿ ಅಲ್ಲಿಗೂ ಹೋದ. ಆಕಾಶ ಮುಟ್ಟುವ ಕಟ್ಟಡಗಳು, ಒಂದೊಂದಕ್ಕೂ ಒಂದೊಂದು ಗೇಟು. ಯಾವ ಟವರ್, ಯಾವ ಫ್ಲ್ಯಾಟ್ ಎಂದು ಕೇಳಿದ ಗಾರ್ಡಿನ ಜೊತೆ ಜಗಳವಾಡಿದ. ಇನ್ನೊಂದು ಗೇಟಿನಲ್ಲಿ ಜಗಳವಾಡಲಿಲ್ಲ, ಬೇಡಿಕೊಂಡ. ಅಲ್ಲೂ ಗೊತ್ತಿರಲಿಲ್ಲ.

ಮನೆಯಿಂದ ಬೋಜಮ್ಮನ ಫೋನು. "ಕೆಚ್ಚಲು ಕಲ್ಲಾಗ್ತಾ ಇದೆ. ಕರುವಿಗೆ ಹಸಿವು. ಇನ್ನು ಕಾಯೋಕಾಗಲ್ಲ."

"ಸ್ವಲ್ಪ ತಡಿ."

"ಅದು ತಡೆಯುತ್ತೆ, ಪಾಪದ್ದು. ನನಗೇ ನೋಡೋಕಾಗಲ್ಲ."

ಅವನು ಸ್ಕೂಟರನ್ನು ಮನೆಯ ಕಡೆಗೆ ತಿರುಗಿಸಿದ. ಆಮೇಲೆ, "ನೀನೇ ಕರಿ" ಅಂದ.

ಮನೆಗೆ ಬಂದಾಗ ಹಸು ಹಗ್ಗವಿಲ್ಲದೆ ನಿಂತು ಮೇಯುತ್ತಿತ್ತು. ಬೋಜಮ್ಮ ಒಲೆಯ ಮೇಲೆ ಗಿಣ್ಣು ಇಟ್ಟಿದ್ದಳು. ತಾಈಯ ಸುದ್ದಿಯನ್ನು ಅವನು ಈಗಲೂ ಕೇಳುತ್ತಿರುತ್ತಾನೆ, ನೋಯ್ಡಾ ಕಡೆ ಹೋಗುವವರು ಯಾರು ಸಿಕ್ಕರೂ. ಆದರೆ ಮೊದಲ ಹಾಲು ಕರೆದಾಗಿಹೋಗಿದೆ. ನಾಳೆ ಅವಳು ಸಿಕ್ಕರೂ ಅಯ್ಯಣ್ಣನ ಹತ್ತಿರ ಕೊಡಲು ಅದಿಲ್ಲ.