ಒಂಟಿ ಕದದ ಕಿಟಕಿ

ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದವನು, ಆಡಿದ ಮಾತಿಗೆ ಬೆನ್ನು ತೋರದವನು, ಪರರ ಮನೆಯೊಳಗೆ ಕೆಲಸಕ್ಕೆ ನಿಂತರೆ ಮರದ ಮೇಲಿಂದ ಕಣ್ಣೆತ್ತದವನು, ಕೂಲಿಗಾಗಿ ಕಾದಾನೇ ಹೊರತು ಕಾಡದವನು, ಮಗಳ ವಿದ್ಯೆಯೊಂದನ್ನೇ ಐಶ್ವರ್ಯವೆಂದು ಬಗೆದವನು. ಇಂತಪ್ಪ ಬಡಗಿಯನ್ನು ಕಾಲೇಜು ಬೀದಿಯವರು ಅರೆಗೋಡೆ ಮೇಸ್ತ್ರಿ ಎಂದು ಕರೆಯುತ್ತಿದ್ದರು.

ಆ ಬೀದಿಯ ಅಪಾರ್ಟ್‌ಮೆಂಟುಗಳ ಮಾಲೀಕರು ಒಂದು ಕೋಣೆಯನ್ನು ಎರಡಾಗಿಸಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ನಡುವೆ ಪ್ಲೈವುಡ್ ಗೋಡೆ ನಿಲ್ಲಿಸುವವನು ಇವನು. ಈಚೆಯವನು ಸೀನಿದರೆ ಆಚೆಯವನು ಮೂಗು ಒರೆಸಿಕೊಳ್ಳಬೇಕು, ಅಂಥ ಗೋಡೆ. ಕಿಟಕಿ ಬಿದ್ದ ಪಾಲಿಗೆ ಹೆಚ್ಚು ಬಾಡಿಗೆ, ಕತ್ತಲೆ ಬಿದ್ದ ಪಾಲಿಗೆ ಕಡಿಮೆ.

ಮಗಳು ಊರಿನಿಂದ ಕಾಲೇಜಿಗೆ ಸೇರಲು ಬಂದಾಗ ತಂದೆ ಮಗಳಿಬ್ಬರೂ ಬೀದಿಯ ಮೆಟ್ಟಿಲುಗಳನ್ನೆಲ್ಲ ಹತ್ತಿಳಿದರು. ಯಾವ ಬಾಗಿಲು ತೆರೆದರೂ ಒಳಗೆ ಅವನದೇ ಗೋಡೆ. ಯಾವ ಬಾಡಿಗೆ ಕೇಳಿದರೂ ಅವನ ಕೈಗೆಟುಕದು.

"ಎಲ್ಲಾ ಕಡೆ ನಿನ್ನ ಗೋಡೆನೇ ಅಲ್ವಾ ಅಪ್ಪಾ? ನಮಗೇನೂ ರಿಯಾಯಿತಿ ಇಲ್ವಾ?" ಎಂದು ಮಗಳು ನಕ್ಕಳು.

"ಗೋಡೆ ನಂದು ಮಗಳೇ, ಗಾಳಿ ಅವರದು."

ಅವನು ಮಲಗುತ್ತಿದ್ದುದು ಕೆಲಸ ನಡೆಯುವ ಮನೆಗಳ ಮರದ ಹೊಟ್ಟಿನ ಮೇಲೆ. ಅಲ್ಲಿ ಅವಳನ್ನು ಇರಿಸಿಕೊಳ್ಳುವಂತಿರಲಿಲ್ಲ. ಜಾಗ ಸಿಗದಿದ್ದರೆ ಅವಳು ತಾಯಿಯ ಬಳಿಗೆ ಹಿಂದಿರುಗಬೇಕು. ಓದಿಗೆ ಅಲ್ಲಿಗೇ ಮಂಗಳ.

ಕೊನೆಗೆ ಒಬ್ಬ ಮನೆಯೊಡತಿ ಒಪ್ಪಿದಳು. "ನನ್ನ ಹಾಲ್‌ನ ಎರಡು ಮಾಡಿಕೊಡು ಮೇಸ್ತ್ರಿ. ಕಿಟಕಿ ಇಲ್ಲದ ಕಡೆ ನಿನ್ನ ಮಗಳು ಇರಲಿ. ಬಾಡಿಗೆ ನಿನ್ನ ಕೂಲೀಲಿ ಮುರ್ಕೋತೀನಿ. ನಾನೇನು ಕಟುಕಳಾ?"

ಮೇಸ್ತ್ರಿ ನೆಲದ ಮೇಲೆ ಗೆರೆ ಎಳೆದ. ಬಹಳ ಹೊತ್ತು ಅದನ್ನೇ ನೋಡಿದ. ಕತ್ತಲ ಪಾಲಿನ ಮಕ್ಕಳು ಬೆಳಗ್ಗೆ ಕಣ್ಣು ಕಿರಿದಾಗಿಸಿಕೊಂಡು ಹೊರಬರುವುದನ್ನು ಅವನು ಕಂಡಿದ್ದ. ಗೆರೆಯನ್ನು ಅಳಿಸಿ ಒಂದು ಮೊಳ ಸರಿಸಿದ. ಎರಡು ಕದಗಳ ಕಿಟಕಿಯಲ್ಲಿ ಒಂದು ಕದ ಮಗಳ ಕಡೆಗೆ ಬಂದಿತು. ಒಂದು ಮೊಳ ಬೆಳಕಿಗೆ ಯಾರು ಬಾಡಿಗೆ ಕೇಳಿಯಾರು ಎಂದು ಎಣಿಸಿದ.

"ಅಪ್ಪಾ, ಹಗಲು ಲೈಟೇ ಬೇಡ!" ಎಂದು ಮಗಳು ಮೇಜನ್ನು ಅಲ್ಲಿಗೇ ಎಳೆದಳು.

ಕೆಲಸ ನೋಡಲು ಒಡತಿ ಬಂದಳು. ಬೈಗುಳ ಬೀಳುವುದೆಂದು ಅವನು ತಲೆ ತಗ್ಗಿಸಿ ನಿಂತಿದ್ದ. ಅವಳೋ ಚಪ್ಪಾಳೆ ತಟ್ಟಿದಳು.

"ಅಬ್ಬಾ! ಒಂದೇ ಕಿಟಕೀಲಿ ಎರಡು ಕಿಟಕಿ ರೂಮು! ಇಷ್ಟು ವರ್ಷ ಈ ಬುದ್ಧಿ ಎಲ್ಲಿಟ್ಟಿದ್ದೆ ಮಾರಾಯ?"

"ಅಮ್ಮಾ, ಅದು ಮಗಳಿಗೆ ಅಂತ..."

"ಇರಬೇಡ ಅಂದ್ನಾ ನಾನು? ಕಿಟಕಿ ರೂಮಿನ ಬಾಡಿಗೆ ಕೊಡಲಿ, ಆರಾಮಾಗಿ ಇರಲಿ."

"ಮುಚ್ಚಿಬಿಡ್ತೀನಮ್ಮಾ. ಹಲಗೆ ಹೊಡೆದು ಈಗಲೇ ಮುಚ್ಚಿಬಿಡ್ತೀನಿ."

"ನನ್ನ ಕಿಟಕಿಗೆ ಮೊಳೆ ಹೊಡೀತೀಯಾ? ಕೈ ಮುರಿದೀತು!"

ಆ ಕದದಡಿಯಲ್ಲಿ ಉಳ್ಳವರ ಮನೆಯ ಹುಡುಗಿಯೊಬ್ಬಳು ಬಂದು ಕುಳಿತಳು. ಮೇಸ್ತ್ರಿಯ ಮಗಳಿಗೆ ಸಿಕ್ಕಿದ್ದು ಅಡುಗೆಮನೆಯ ಹಿಂದಿನ ಉಗ್ರಾಣ. ಬಾಡಿಗೆ ಮಾತ್ರ ಮೊದಲು ಹೇಳಿದ್ದೇ. ಸುದ್ದಿ ಬೀದಿಯುದ್ದಕ್ಕೂ ಹಬ್ಬಿತು. ಮಾಲೀಕರೆಲ್ಲ ಅವನನ್ನೇ ಕರೆದು ಗೋಡೆಗಳನ್ನು ಮೊಳ ಮೊಳ ಸರಿಸಿಕೊಂಡರು. ಬಡವರ ಮಕ್ಕಳ ಕೈಗೆಟುಕುತ್ತಿದ್ದ ಕತ್ತಲ ಪಾಲುಗಳು ಇಲ್ಲವಾದವು. ಒಬ್ಬೊಬ್ಬರಾಗಿ ಪೆಟ್ಟಿಗೆ ಹೊತ್ತು ಇಳಿದುಹೋದರು. ಉಗ್ರಾಣದ ಬಾಡಿಗೆ ಆ ಕೂಲಿಯಿಂದಲೇ ಹುಟ್ಟಬೇಕಾದ್ದರಿಂದ ಅವನು ಒಲ್ಲೆನೆನ್ನಲಿಲ್ಲ. ಮೆಟ್ಟಿಲಲ್ಲಿ ಎದುರಾದ ಮಕ್ಕಳಿಗೆ ಗೋಡೆಗೊರಗಿ ದಾರಿ ಬಿಟ್ಟ.

"ಅಪ್ಪಾ, ದೀಪ ಇಡೋಕೆ ಒಂದು ಹಲಗೆ ಬಡಿದುಕೊಡ್ತೀಯಾ?" ಎಂದಳು ಮಗಳು. ಕಿಟಕಿಯ ಮಾತನ್ನು ಅವಳು ಎತ್ತಲಿಲ್ಲ. ಅದೇ ಅವನನ್ನು ಹೆಚ್ಚು ಕೊರೆಯಿತು. ಹಲಗೆಯನ್ನು ಎರಡೆರಡು ಬಾರಿ ಅಳೆದು ಕೂರಿಸಿದ.

ಒಮ್ಮೆ ಮಾತ್ರ, ಅದೂ ಮಗಳಿಗಾಗಿ, ಅಳತೆ ಮೀರಿದವನನ್ನು ಭಗವಂತನು ಮನ್ನಿಸಲಿ. ಆ ಹುಡುಗಿಯ ಕಣ್ಣು ದೀಪದಡಿಯಲ್ಲಿ ಬಾಡದಿರಲಿ. ಊರಿನಲ್ಲಿ ಒಬ್ಬಳೇ ಒಲೆ ಹಚ್ಚುವ ತಾಯಿಯ ಹೊಟ್ಟೆ ತಣ್ಣಗಿರಲಿ. ಸೂರ್ಯನಿಗೂ ಬಾಡಿಗೆ ಕೇಳದ ಮನೆಯೊಂದು ಆ ಮೂವರಿಗೆ ದೊರೆಯಲಿ.