ಅತ್ತೆ ಊರು ಬಿಟ್ಟರೆ ಎರಡೂವರೆ ಡಿಗ್ರಿ ಕಡಿಮೆ

ಅತ್ತೆ ನಂಜನಗೂಡು ಬಿಟ್ಟ ಮಾರನೇ ದಿನವೇ ನಂಜನಗೂಡಿನ ಬಿಸಿಲು ಎರಡೂವರೆ ಡಿಗ್ರಿ ಇಳಿದುಬಿಟ್ಟಿತು.

ನಗಬೇಡಿ. ನನಗಂತೂ ನಗು ಬರಲಿಲ್ಲ, ಗಾಬರಿಯಾಯಿತು. ತಾರಸಿಯ ಮೇಲೆ ಥರ್ಮಾಮೀಟರ್ ಮುಂದೆ ನಿಂತು, ಕನ್ನಡಕ ಒರೆಸಿಕೊಂಡು ಮೂರು ಸಲ ನೋಡಿದೆ. ಮೂವತ್ತೇಳು. ಹಿಂದಿನ ವಾರವೆಲ್ಲ ಮೂವತ್ತೊಂಬತ್ತು, ಮೂವತ್ತೊಂಬತ್ತೂವರೆ ಇದ್ದದ್ದು! ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಬೀದಿಯ ನಾಯಿ ಎಂದಿನ ಮೋರಿಯಲ್ಲೇ ಹೊಟ್ಟೆ ಊರಿ ಮಲಗಿದೆ. ಎಲ್ಲವೂ ನಿನ್ನೆ ಮೊನ್ನೆಯ ಹಾಗೆಯೇ ಇತ್ತು, ಅತ್ತೆಯೊಬ್ಬರನ್ನು ಬಿಟ್ಟು.

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ಟೀ ಲೋಟದೊಳಗೇ ನಕ್ಕರು. "ಅಮ್ಮ ಹೋದ್ಲು, ಸೆಕೆನೂ ಹೋಯ್ತು ನೋಡು. ಇದನ್ನ ನಿನ್ನ ಕಾಲಂನಲ್ಲಿ ಬರೀಬೇಡ ಕಣೇ, ನರಸೀಪುರದಲ್ಲಿ ಓದ್ಬಿಟ್ಟಾಳು."

(ಬರೆಯುತ್ತಿದ್ದೇನೆ. ಅತ್ತೆಯ ಪರ್ಮಿಶನ್ ಪಡೆದೇ.)

ನನ್ನ ಹವಾಮಾನದ ಹುಚ್ಚು ನಿಮಗೆ ಹೊಸದಲ್ಲ. ಅದು ಹತ್ತಿದ್ದು ಮೂರನೇ ಕ್ಲಾಸಿನಲ್ಲಿ, ಮೈಸೂರಿನ ಕಾನ್ವೆಂಟಿನಲ್ಲಿ. ಬ್ಲ್ಯಾಕ್‌ಬೋರ್ಡಿನ ಪಕ್ಕ ಒಂದು ಚಾರ್ಟು. ದಿನಕ್ಕೊಬ್ಬಳು ಕಿಟಕಿಯಾಚೆ ನೋಡಿ, ರಟ್ಟಿನ ಸೂರ್ಯನನ್ನೋ ಮೋಡವನ್ನೋ ಅದರಲ್ಲಿ ಸಿಕ್ಕಿಸಿ, ಪುಸ್ತಕದಲ್ಲೂ ಬರೆಯಬೇಕು. ತಪ್ಪಿ ಬರೆದರೆ ರಬ್ಬರ್ ಹಾಕುವಂತಿಲ್ಲ, ತಿದ್ದಿ ದಪ್ಪ ಮಾಡುವಂತಿಲ್ಲ. ಸ್ಕೇಲ್ ಇಟ್ಟು ಒಂದೇ ಗೆರೆ ಎಳೆದು ಮೇಲೆ ಸರಿಯಾದದ್ದನ್ನು ಬರೆಯಬೇಕು. "ತಪ್ಪು ಕಾಣಿಸಲಿ ಬಿಡು, ಅದರಲ್ಲಿ ನಾಚಿಕೆ ಏನು?" ಎನ್ನುತ್ತಿದ್ದರು ನಮ್ಮ ಸಿಸ್ಟರ್. ಆಗ ನಾಚಿಕೆಯೇ ಆಗುತ್ತಿತ್ತು. ಅದು ಬೇರೆ ಮಾತು.

ಈಗ ಆ ಚಾರ್ಟಿನ ಜಾಗಕ್ಕೆ ಒಂದು ವಾಟ್ಸಾಪ್ ಗ್ರೂಪ್ ಬಂದಿದೆ. ಮೈಸೂರಿನ ರಿಟೈರ್ಡ್ ಸೈನ್ಸ್ ಮೇಷ್ಟ್ರೊಬ್ಬರು ನಡೆಸುತ್ತಾರೆ. ಜಿಲ್ಲೆಯ ನಮ್ಮಂಥ ಮನೆಮಂದಿ ಮಧ್ಯಾಹ್ನ ಸರಿಯಾಗಿ ಎರಡೂವರೆಗೆ ಥರ್ಮಾಮೀಟರ್ ನೋಡಿ, ಪುಸ್ತಕದಲ್ಲಿ ಬರೆದು, ಫೋಟೋ ಕಳಿಸಬೇಕು. ಉತ್ತರದ ಗೋಡೆ, ನೆರಳು, ಎದೆಯೆತ್ತರ. ಮೇಷ್ಟ್ರು ಇಷ್ಟು ಹೇಳಿದ್ದರು. ಇಷ್ಟೇ ಹೇಳಿದ್ದರು.

ನಾನು ಎರಡು ಥರ್ಮಾಮೀಟರ್ ಕೊಂಡೆ. ಒಂದು ನಮ್ಮ ತಾರಸಿಯ ಮೆಟ್ಟಿಲ ರೂಮಿನ ಉತ್ತರದ ಗೋಡೆಗೆ, ಸಜ್ಜದ ಕೆಳಗೆ. ಇನ್ನೊಂದು ಟಿ. ನರಸೀಪುರಕ್ಕೆ, ನನ್ನ ಓರಗಿತ್ತಿ ಸರೋಜಕ್ಕನಿಗೆ. ಅವರು ನಮ್ಮ ಭಾವನ ಹೆಂಡತಿ, ಹದಿನಾರು ಎಂಬ ಊರಿನ ಹೆಣ್ಣುಮಗಳು. ಊರಂಚಿನ ಮನೆ, ಹಿತ್ತಲಲ್ಲಿ ಗೌರಿ ಅನ್ನುವ ಜರ್ಸಿ ಹಸು. ಸರೋಜಕ್ಕ ಒಪ್ಪಿದ ಕೆಲಸವನ್ನು ಒಂದು ದಿನ ತಪ್ಪಿಸುವವರಲ್ಲ, ಅದರ ಬಗ್ಗೆ ಒಂದು ದಿನ ಸುಮ್ಮನಿರುವವರೂ ಅಲ್ಲ.

"ಏನ್ ಸುಮಾ, ಇವತ್ತೆಷ್ಟು ನಿಮ್ಮೂರ್ ಕಾವಲಿ?"

"ಮೂವತ್ತೊಂಬತ್ತೂವರೆ ಅಕ್ಕ."

"ಅಯ್ಯೋ ಶಿವನೇ! ನಮ್ದು ಮೂವತ್ತೈದು ಕಣವ್ವ. ಒಳೆ ದಡದಲ್ಲಿದೀವಲ್ಲ."

"ನಮ್ಮೂರಲ್ಲೂ ಹೊಳೆ ಇದೆ ಅಕ್ಕ."

"ನಿಮ್ದು ಒಂದೊಳೆ. ನಮ್ದು ಎರಡೊಳೆ ಸೇರೋ ಜಾಗ. ನೀನೇ ಓದ್ದೋಳು, ಲೆಕ್ಕ ಹಾಕ್ಕೋ!"

ಏಪ್ರಿಲ್ ಇಡೀ ಹೀಗೇ ನಡೆಯಿತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ, ನಡುವೆ ನಾಲ್ಕು ಡಿಗ್ರಿಯ ಅಂತರ! ಮೇಷ್ಟ್ರು ಒಂದು ದಿನ ನಮ್ಮಿಬ್ಬರ ಫೋಟೋಗಳ ಕೆಳಗೆ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಅತ್ತೆಗೆ ತಲೆ ಸುತ್ತು ಬರದೇ ಇದ್ದಿದ್ದರೆ.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕಟ್ಟೆ ಹಿಡಿದುಕೊಂಡು ಹಾಗೇ ಕೆಳಗೆ ಕೂತರು. ಡಾಕ್ಟರು ನೋಡಿ ಬಿಪಿ ಮಾತ್ರೆ ಬದಲಾಯಿಸಿದರು. ಗಾಬರಿ ಏನಿಲ್ಲ, ನೀರು ಚೆನ್ನಾಗಿ ಕುಡೀಲಿ, ಬಿಸಿಲಿಗೆ ಹೋಗೋದು ಬೇಡ, ಆದಷ್ಟು ತಂಪಿರೋ ಕಡೆ ಇರಲಿ ಅಂದರು. ತಂಪಿರುವ ಕಡೆ ಯಾವುದು? ಅದಕ್ಕೆ ನನ್ನ ಪುಸ್ತಕದಲ್ಲಿ ದಿನಾಂಕದ ಸಮೇತ ಸಾಕ್ಷಿ ಇತ್ತು. ಸಂಜೆ ಭಾವನ ಫೋನ್ ಬಂತು. "ನಾಕ್ ಡಿಗ್ರಿ ಅಂದ್ರೆ ಸುಮ್ನೇನಾ? ಮಳೆ ಇಡಿಯೋಗಂಟ ಅವ್ವ ಇಲ್ಲೇ ಇರ್ಲಿ, ಕಳ್ಸ್ಕೊಡಿ."

ನಮ್ಮ ಮನೆಯವರು ನನ್ನ ಮುಖ ನೋಡಿದರು. "ನೀನೇ ಬರೆದಿದ್ದೀಯಲ್ಲ."

ಹೌದಲ್ಲ, ನಾನೇ ಬರೆದಿದ್ದೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅತ್ತೆ ನಾಲ್ಕು ದಿನಕ್ಕಿಂತ ಹೆಚ್ಚು ಈ ಮನೆ ಬಿಟ್ಟವರಲ್ಲ. ಊಟವಾದ ಮೇಲೆ ಇಬ್ಬರೂ ತಾರಸಿಯ ನೆರಳಿಗೆ ಹೋಗುತ್ತೇವೆ. ಅವರು ಸಂಡಿಗೆ ಮಗುಚುತ್ತಾರೆ, ನಾನು ಗಟ್ಟಿಯಾಗಿ ಪೇಪರ್ ಓದುತ್ತೇನೆ. ಅವರಿಗೆ ಮರಣ ವಾರ್ತೆ ಮತ್ತು ಅಡಿಕೆ ರೇಟು ಇಷ್ಟ. (ನಮಗೆ ಒಂದು ಅಡಿಕೆ ಮರವೂ ಇಲ್ಲ.) ಇದನ್ನೆಲ್ಲ ಯಾವ ಡಿಗ್ರಿಯಲ್ಲಿ ಬರೆಯುವುದು? ಬಾಯಿ ಬಿಟ್ಟರೆ, ಅತ್ತೆಯ ಆರೋಗ್ಯಕ್ಕಿಂತ ತನ್ನ ಸುಖ ನೋಡಿಕೊಂಡಳು ಅನ್ನುವ ಹಾಗೆ ಆಗುತ್ತದೆ. ಪುಸ್ತಕ ಮುಚ್ಚಿಟ್ಟೆ.

ಅತ್ತೆ ಮಾತ್ರ, "ಓಗ್ತೀನಿ ಬಿಡು. ಪುಸ್ತಕ್ದಲ್ ಬರ್ದದೆ ಅಂದ್ಮೇಲೆ ನಾನೇನ್ ಏಳ್ಲಿ" ಎಂದು ಬ್ಯಾಗಿಗೆ ನಾಲ್ಕು ಸೀರೆ ಹಾಕಿಕೊಂಡರು. ಸೀರೆಗಳ ಮಧ್ಯೆ ಸಂಡಿಗೆ ಒತ್ತುವ ಹಿತ್ತಾಳೆಯ ಒರಳನ್ನು ಟವೆಲ್ಲಿನಲ್ಲಿ ಸುತ್ತಿ ಇಟ್ಟುಕೊಂಡದ್ದನ್ನು ನೋಡಿದೆ. ಒರಳೂ ಹೊರಟಿತು ಅಂದ ಮೇಲೆ ಇದು ನಾಲ್ಕು ದಿನದ ಮಾತಲ್ಲ.

ಭಾನುವಾರ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಸರೋಜಕ್ಕ ಮೆಟ್ಟಿಲಿಳಿದು ಬಂದು ಬ್ಯಾಗು ಇಸಿದುಕೊಂಡರು. ಊಟ, ಎಲೆಯಡಿಕೆ ಎಲ್ಲ ಆಯಿತು. ಎರಡು ಗಂಟೆಗೆ ಅಕ್ಕ ಸೀರೆ ಎತ್ತಿ ಕಟ್ಟಿ, ಪೈಪು ಹಿಡಿದು ಹಿತ್ತಲಿಗೆ ಹೊರಟರು. ಬಿಸಿಲಿಗೆ ಗೌರಿ ಏದುಸಿರು ಬಿಡುತ್ತದೆ, ಈ ಹೊತ್ತಿಗೆ ದಿನವೂ ಸ್ನಾನವಂತೆ. ಮೊದಲು ಗೌರಿ. ಆಮೇಲೆ ನೆಲ. ಆಮೇಲೆ ಕೊಟ್ಟಿಗೆಯ ಗೋಡೆ, ಮೇಲಿಂದ ಕೆಳಗಿನವರೆಗೆ, ಬಣ್ಣ ಕಪ್ಪಾಗುವ ತನಕ.

ಆ ಗೋಡೆಯ ಮೇಲೆ, ಎದೆಯೆತ್ತರದಲ್ಲಿ, ನೆರಳಿನಲ್ಲಿ, ನಾನು ಕೊಟ್ಟ ಥರ್ಮಾಮೀಟರ್ ನೀರು ತೊಟ್ಟಿಕ್ಕಿಸುತ್ತಾ ನೇತಾಡುತ್ತಿತ್ತು!

ಎರಡೂವರೆಗೆ ಸರೋಜಕ್ಕ ಸೆರಗಿನಿಂದ ಅದರ ಮುಖ ಒರೆಸಿ, "ಮೂವತ್ತೈದು. ಬರ್ಕೋ ಸುಮಾ" ಎಂದರು.

ಬರೆದುಕೊಂಡೆ. ಆಗ ತಾನೇ ಅತ್ತೆ ಬ್ಯಾಗು ಬಿಚ್ಚಿದ್ದರು, ಅವರೆದುರಿಗೆ ಹೇಗೆ ಹೇಳುವುದು? ಆದರೆ ಹಿಂದಿರುಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೇಷ್ಟ್ರಿಗೆ ಟೈಪ್ ಮಾಡಿದೆ. "ಸರ್, ನರಸೀಪುರದ ರೀಡಿಂಗ್ ಬಗ್ಗೆ ತಮ್ಮ ಗಮನಕ್ಕೆ ಒಂದು ಮಾತು..." ತುಂಬ ವಿನಯದಿಂದ ಬರೆದೆ. ಕಾನ್ವೆಂಟಿನಲ್ಲಿ ಓದಿದವರು ಚಾಡಿಯನ್ನೂ ವಿನಯದಿಂದಲೇ ಹೇಳುತ್ತೇವೆ. ನಾಳೆ ನಮ್ಮ ಮನೆಯ ರೀಡಿಂಗ್ ಜೊತೆಯಲ್ಲೇ ಕಳಿಸೋಣ ಎಂದು ಹಾಗೇ ಇಟ್ಟುಕೊಂಡೆ.

ನಾಳೆ ಏನಾಯಿತು ಎಂದು ಮೊದಲೇ ಹೇಳಿದ್ದೇನೆ. ಮೂವತ್ತೇಳು!

ಮೂರನೇ ಸಲ ನೋಡುವಾಗ ಪಾದಕ್ಕೆ ಏನೋ ಹೊಸದೆನಿಸಿತು. ದಿನವೂ ಆ ಜಾಗದಲ್ಲಿ ಕಾಲಿನ ಬೆರಳು ಮಡಚಿಕೊಂಡು ನಿಲ್ಲುತ್ತಿದ್ದೆ, ನೆಲ ಅಷ್ಟು ಸುಡುತ್ತಿತ್ತು. ಈವತ್ತು ಅಂಗಾಲು ಪೂರ್ತಿ ಊರಿ ನಿಂತಿದ್ದೇನೆ. ಕೆಳಗೆ ನೋಡಿದೆ. ಏನೂ ಇಲ್ಲ. ಏನೂ ಇಲ್ಲದ್ದೇ ಹೊಸದು.

ಏನಿರುತ್ತಿತ್ತು ಅಲ್ಲಿ? ಅತ್ತೆಯ ಸಂಡಿಗೆ!

ಅತ್ತೆ ಬೆಳಿಗ್ಗೆಯೇ ತಟ್ಟೆಗಳಲ್ಲಿ, ತಾಂಬಾಳಗಳಲ್ಲಿ, ಹಳೇ ಜಿಂಕ್ ಶೀಟಿನ ಮೇಲೆ ಸಂಡಿಗೆ ಒತ್ತಿ ಬಿಸಿಲಿಗಿಡುತ್ತಾರೆ. ಎರಡು ಗಂಟೆಗೆ ಎಲ್ಲವನ್ನೂ ನೆರಳಿಗೆ ತರಿಸುತ್ತಾರೆ, ಮಗುಚುವುದಕ್ಕೆ. (ಕೋತಿಗಳು ರೌಂಡ್ಸಿಗೆ ಬರುವುದೂ ಆ ಹೊತ್ತಿಗೇ.) ನಮ್ಮ ತಾರಸಿಯಲ್ಲಿ ಆಗ ನೆರಳಿರುವುದು ಒಂದೇ ಕಡೆ, ಆ ಸಜ್ಜದ ಕೆಳಗೆ. ನಾಲ್ಕು ಗಂಟೆ ಕಾಲ ಕಾದ ತಟ್ಟೆಗಳು ಅಲ್ಲಿ ಒಂದರ ಪಕ್ಕ ಒಂದು. ಕಾದ ಜಿಂಕ್ ಶೀಟು ಗೋಡೆಗೆ ಒರಗಿಸಿ, ಥರ್ಮಾಮೀಟರಿನ ಮೂಗಿನ ಕೆಳಗೇ. ಅದನ್ನು ತಂದು ಒರಗಿಸುತ್ತಿದ್ದವಳೂ ನಾನೇ. ಅರ್ಧ ಗಂಟೆಯ ನಂತರ ನಾನೇ ಹೋಗಿ, ಅಬ್ಬಾ ನಂಜನಗೂಡಿನ ಬಿಸಿಲೇ ಎಂದು ಬರೆದುಕೊಳ್ಳುತ್ತಿದ್ದೆ!

ಮಂಗಳವಾರ ಪರೀಕ್ಷೆ ಮಾಡಿದೆ. ಖಾಲಿ ತಟ್ಟೆಗಳನ್ನೂ ಶೀಟನ್ನೂ ಬಿಸಿಲಿಗಿಟ್ಟು, ಎರಡಕ್ಕೆ ತಂದು ಅದೇ ಹಾಗೆ ಜೋಡಿಸಿದೆ. ಎರಡೂವರೆಗೆ ಮೂವತ್ತೊಂಬತ್ತು ದಾಟಿತ್ತು. ಅತ್ತೆಯನ್ನು ಊರು ಬಿಡಿಸಿದ್ದು ಅತ್ತೆಯ ಸಂಡಿಗೆಯೇ. ಅದಕ್ಕೆ ಸಹಿ ಹಾಕಿದ್ದು ನಾನು.

ಬಸ್ಸಿನಲ್ಲಿ ಬರೆದ ಮೆಸೇಜನ್ನು ಅಳಿಸಿದೆ. ಸ್ಕೇಲ್ ತೆಗೆದುಕೊಂಡು ಏಪ್ರಿಲ್‌ನ ಒಂದೊಂದು ಸಾಲಿನ ಮೇಲೂ ಒಂದೊಂದು ಗೆರೆ ಎಳೆದೆ. ಪಕ್ಕದಲ್ಲಿ "ಕೆಳಗೆ ಸಂಡಿಗೆ ತಟ್ಟೆ ಇತ್ತು" ಎಂದು ಬರೆದೆ. ನಾಚಿಕೆ ಈಗಲೂ ಆಯಿತು, ಸಿಸ್ಟರ್.

ಆಮೇಲೆ ಸರೋಜಕ್ಕನಿಗೆ ಫೋನ್ ಮಾಡಿ ನನ್ನ ತಪ್ಪನ್ನಷ್ಟೇ ಹೇಳಿದೆ. ಆ ಕಡೆಯಿಂದ ನಗು ನಿಲ್ಲಲೇ ಇಲ್ಲ. ಆಮೇಲೆ ತಟಕ್ಕನೆ ನಿಂತಿತು.

"ಸುಮಾ... ಅಂಗಾರೆ ನಾನು ಅಸುಗೆ ನೀರುಯ್ತೀನಲ್ಲ, ಅದು?"

"ಅದೂ ಇರಬಹುದೇನೋ ಅಕ್ಕ."

"ಅಯ್ಯಯ್ಯೋ! ಬೀದಿಗೆಲ್ಲ ಏಳ್ಕ ಬಂದಿದೀನಲ್ಲೇ, ನಮ್ಮನೆ ಊಟಿ ಅಂತ!"

(ಬಸ್ಸಿನ ಮೆಸೇಜ್ ವಿಷಯ ಅವರಿಗೆ ಹೇಳಿರಲಿಲ್ಲ. ಅಕ್ಕ, ಇಲ್ಲಿ ಓದಿದ್ದರೆ ಕ್ಷಮಿಸಿಬಿಡಿ.)

ಅಕ್ಕ ಗೌರಿಯ ಸ್ನಾನವನ್ನು ಮೂರು ಗಂಟೆಗೆ ಹಾಕಿಕೊಂಡರು. ಇಬ್ಬರೂ ಮೇಷ್ಟ್ರಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದೆವು. "ಹಳೆಯದೆಲ್ಲ ಬಿಡಿ. ನಾಳೆ ನಿಮಗೆ ಒಂದನೇ ದಿನ" ಎಂದು ಉತ್ತರ ಬಂತು. ಒಂದನೇ ದಿನ ನಮ್ಮದು ಮೂವತ್ತೇಳು, ಅವರದು ಮೂವತ್ತಾರೂವರೆ. ನಾಲ್ಕನೇ ದಿನ ಅವರದೇ ಅರ್ಧ ಡಿಗ್ರಿ ಹೆಚ್ಚು. ಎಲ್ಲಿ ಹೋಯಿತು ನಾಲ್ಕು ಡಿಗ್ರಿ? ಅರ್ಧ ಸಂಡಿಗೆ ತಟ್ಟೆಯಲ್ಲಿತ್ತು, ಅರ್ಧ ಗೌರಿಯ ಬೆನ್ನ ಮೇಲಿತ್ತು.

ಹಾಗಾದರೆ ಅತ್ತೆಯನ್ನು ವಾಪಸ್ ಕರೆಯಬಹುದಲ್ಲ? ಕರೆಯುವುದಕ್ಕೆ ಧೈರ್ಯ ಬರಲಿಲ್ಲ. ಅಲ್ಲೇ ಹಾಯಾಗಿದ್ದರೆ? ಪುಸ್ತಕ ತೋರಿಸಿ ಕಳಿಸಿದವಳು, ಪುಸ್ತಕ ತೋರಿಸಿ ಬಾ ಅನ್ನುವುದೇ?

ಅತ್ತೆಯ ಫೋನೇ ಬಂತು. "ಸುಮಾ, ಇಲ್ಲಿ ಸಂಡಿಗೆ ಒಣಗಕಿಲ್ಲ ಕಣವ್ವ. ಮೂರ್ ದಿನ ಆಯ್ತು, ಮುಟ್ಟುದ್ರೆ ಇನ್ನೂ ಮೆತ್ತಗದೆ. ನಮ್ಮನೇಲಿ ಒಂದೂವರೆ ದಿನಕ್ಕೆ ಕಟುಂ ಅಂತಿತ್ತು. ಸೀರೆನೂ ಒಣಗಕಿಲ್ಲ, ಬೆನ್ನೂ ಒಣಗಕಿಲ್ಲ."

ನನ್ನ ಕಿವಿಗೆ ಬಿದ್ದದ್ದು ಒಂದೇ, "ನಮ್ಮನೇಲಿ."

ಆಮೇಲೆ ಉಳಿದದ್ದೂ ಅರ್ಥವಾಯಿತು. ಎರಡು ಹೊಳೆ, ನಾಲೆ, ಸುತ್ತ ನೀರು ಕಟ್ಟಿದ ಗದ್ದೆ. ಅಲ್ಲಿಯ ಗಾಳಿಯಲ್ಲೇ ನೀರಿದೆ. ಎರಡು ಊರಿನ ಬಿಸಿಲೂ ಹೆಚ್ಚು ಕಡಿಮೆ ಒಂದೇ, ಸೆಕೆಯೇ ಬೇರೆ. ನಮ್ಮದು ಸುಡುವ ಸೆಕೆ, ಅವರದು ಬೇಯಿಸುವ ಸೆಕೆ. ಇಷ್ಟು ದಿನ ನಾನು ಕಂಡುಹಿಡಿಯದ ಊರೂರಿನ ವ್ಯತ್ಯಾಸವನ್ನು ಅತ್ತೆ ಒಂದು ಸಂಡಿಗೆಯನ್ನು ಬೆರಳಲ್ಲಿ ಒತ್ತಿ ಹೇಳಿಬಿಟ್ಟಿದ್ದರು! ಮೇಷ್ಟ್ರಿಗೆ ಹೇಳಿದರೆ, ಅವರು ಖುಷಿಯಿಂದ "ಸಂಡಿಗೆ ಒಣಗಿದ ದಿನ" ಎಂದು ಪುಸ್ತಕದಲ್ಲಿ ಇನ್ನೊಂದು ಕಾಲಂ ಹಾಕಿಕೊಳ್ಳಲು ಹೇಳಿದರು.

ಅದೇ ಸಂಜೆ ನರಸೀಪುರದಲ್ಲಿ ಧೋ ಎಂದು ಮಳೆ ಸುರಿದು, ಮೂರು ದಿನದ ಸಂಡಿಗೆ ಮತ್ತೆ ಹಿಟ್ಟಾಯಿತು. (ನಮ್ಮ ತಾಲೂಕಿನ ಬಿಳಿಗೆರೆ ಕಡೆ ಆಲಿಕಲ್ಲು ಬಿತ್ತಂತೆ. ನಮಗೆ ಬಂದದ್ದು ಗಾಳಿ, ಧೂಳು, ಪಕ್ಕದ ಮನೆಯ ಒಂದು ಟವೆಲ್.) ಮರುದಿನ ಹನ್ನೊಂದರ ಬಸ್ಸಿಗೆ ಅತ್ತೆ ಇಳಿದರು. ಜೊತೆಗೆ ಸರೋಜಕ್ಕ, ಸರೋಜಕ್ಕನ ಕಂಕುಳಲ್ಲಿ ಒರಳು.

"ಸರಿಯಾಗ್ ನೋಡ್ಕೊ ಸುಮಾ, ಇಲ್ಲಾಂದ್ರೆ ಮತ್ತೆ ಕರ್ಕ ಓಯ್ತೀನಿ."

"ಸಂಡಿಗೆ ಒಣಗ್ಸೋಕ್ ಬಾರ್ದೋಳು ನನ್ನೇನ್ ಕರ್ಕ ಓದಾಳು" ಎಂದರು ಅತ್ತೆ.

ಡಾಕ್ಟರ ಮಾತನ್ನೂ ನಾವು ಮೀರಿಲ್ಲ. ಅತ್ತೆ ಈಗ ಬಿಸಿಲಿಗೆ ಕಾಲಿಡುವುದಿಲ್ಲ. ಮೆಟ್ಟಿಲ ರೂಮಿನೊಳಗೆ ಬಾಗಿಲ ಪಕ್ಕದಲ್ಲೇ ಫ್ಯಾನಿನ ಕೆಳಗೆ ಕುರ್ಚಿ, ಕೈಯಲ್ಲಿ ಮಜ್ಜಿಗೆ. ಬಿಸಿಲಿಗಿಡುವುದು, ಎತ್ತುವುದು, ಕೋತಿ ಓಡಿಸುವುದು ನನ್ನ ಪಾಲು. ಅವರದು ಮಗುಚುವುದು ಮತ್ತು ಆರ್ಡರ್ ಹಾಕುವುದು.

ಮೊದಲ ದಿನವೇ ಎರಡು ಗಂಟೆಗೆ ತಕರಾರು ಬಂತು. ತಟ್ಟೆಗಳನ್ನು ಬೇರೆ ಕಡೆ ಇಡೋಣವೇ ಅತ್ತೆ, ಎಂದು ಮೆಲ್ಲಗೆ ಕೇಳಿದೆ. ಬೇರೆ ಕಡೆ ಇಟ್ಟರೆ ಕುರ್ಚಿಯಿಂದ ಕೈಗೆಟುಕುವುದಿಲ್ಲವಂತೆ. "ನಿನ್ ಮೇಷ್ಟ್ರು ನಿನ್ ಗೋಡೆಗ್ ಬಂದಿದ್ದು ಈಗ. ನನ್ ತಟ್ಟೆ ಮೂವತ್ ವರ್ಷದಿಂದ ಇಲ್ಲೇ ಅವೆ."

ನಮ್ಮ ಮನೆಯವರು ಸುತ್ತಿಗೆ ತಂದರು. ಥರ್ಮಾಮೀಟರ್ ಈಗ ಕೆಳಗಿನ ಹಿತ್ತಲಿನ ಗೋಡೆಗೆ ಹೋಗಿದೆ. ತಟ್ಟೆಗಳು ಇದ್ದಲ್ಲೇ ಇವೆ.

ನೀವೇ ಹೇಳಿ, ಯಾವುದು ಸುಲಭ: ಗೋಡೆಯ ಮೊಳೆ ಕೀಳುವುದೋ, ಅತ್ತೆಯನ್ನು ಬಸ್ಸು ಹತ್ತಿಸುವುದೋ?